ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಹೆಸರು

*ನಮ್ಮ ಮನೆ ಗುಂಪು, ಭಾನುವಾರ ಬೆಳಿಗ್ಗೆ*

ದೊಡ್ಡಪ್ಪ: (ಫಾರ್ವರ್ಡ್ ಆಗಿದ್ದು, ಚಿಪ್ಪಿನ ಚಿತ್ರದ ಜೊತೆ) ಇಂಟೆಲ್ 4004 ಚಿಪ್, 1971. ಮೈಕ್ರೊಪ್ರೊಸೆಸರ್ ಜನಕ ಟೆಡ್ ಹಾಫ್. ಎಲ್ಲರೂ ಓದಿ.

ನಾನು: ದೊಡ್ಡಪ್ಪ, ಚಿತ್ರ ಸರಿಯಾಗಿದೆ, ಹೆಸರು ಮಾತ್ರ ಅರ್ಧ. ಆ ಚಿಪ್ಪನ್ನು ಮಾಡಿ ತೋರಿಸಿದವರು ಫೆಡರಿಕೊ ಫಾಜಿನ್, ಇಟಲಿಯವರು. ಅವರನ್ನು ಬಿಟ್ಟೇಬಿಟ್ಟಿದ್ದಾರೆ.

ಭಾವ: ಯೋಚನೆ ಹಾಫ್ ಅವರದ್ದೇ ಅಲ್ವಾ? ಜಪಾನಿನ ಬಿಸಿಕಾಂ ಕಂಪನಿ ಕ್ಯಾಲ್ಕುಲೇಟರ್‌ಗೆ ಅಂತ ರಾಶಿ ಚಿಪ್ ಕೇಳಿತ್ತು. ಅಷ್ಟು ಬೇಡ, ಪ್ರೋಗ್ರಾಂ ಹಾಕಿ ನಡೆಸುವ ಒಂದು ಸಿಪಿಯು ಇಟ್ಟರೆ ನಾಲ್ಕೇ ಚಿಪ್ ಸಾಕು ಅಂದವರು ಅವರು. ಆಮೇಲಿನದು ನಕ್ಷೆ ನೋಡಿ ಮನೆ ಕಟ್ಟಿದ ಹಾಗೆ.

ಅಕ್ಕ: ರೀ, ಹಾಗೆ ಹೇಳಬೇಡಿ. ನಾನು ಚಿಪ್ ಲೇಔಟ್ ಕೆಲಸದಲ್ಲೇ ಇರುವವಳು. ಬಿಳಿ ಹಾಳೆ ಮೇಲೆ ಎಷ್ಟು ಬ್ಲಾಕ್ ಬೇಕಾದರೂ ಹಿಡಿಯುತ್ತೆ. ಸಿಲಿಕಾನ್ ಮೇಲೆ ಕೂರಿಸುವುದೇ ಕಷ್ಟ.

ನಾನು: ಅದನ್ನೇ ಹೇಳುತ್ತಿದ್ದೇನೆ ಅಕ್ಕ. ಫಾಜಿನ್ 1970ರ ಏಪ್ರಿಲ್‌ನಲ್ಲಿ ಇಂಟೆಲ್ ಸೇರಿದರು. ಬಿಸಿಕಾಂನ ಎಂಜಿನಿಯರ್ ಶಿಮಾ ಬಂದು ನೋಡಿದರೆ ಕೆಲಸ ಒಂದಿಷ್ಟೂ ಮುಂದೆ ಹೋಗಿರಲಿಲ್ಲ. ಅವರಿಗೆ ಕೆಂಡದಂಥ ಕೋಪ. ಸೇರಿ ಕೆಲವೇ ದಿನವಾಗಿದ್ದ ಫಾಜಿನ್ ಅದನ್ನು ಎದುರಿಸಬೇಕಾಯಿತು. 2,300 ಟ್ರಾನ್ಸಿಸ್ಟರ್, ಈಗಿನ ಸಾಫ್ಟ್‌ವೇರ್ ಒಂದೂ ಇಲ್ಲ. ವರ್ಷ ಮುಗಿಯುವಾಗ ಬಂದ ಮೊದಲ ವೇಫರ್, ಅಂದರೆ ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆ, ಸತ್ತಿತ್ತು. ತಯಾರಿಸುವಾಗ ಒಂದು ಪದರವನ್ನೇ ಬಿಟ್ಟಿದ್ದರು. 1971ರ ಜನವರಿಯಲ್ಲಿ ಇನ್ನೊಮ್ಮೆ ಬಂತು, ಓಡಿತು. ಇಷ್ಟನ್ನು ಅಷ್ಟು ಚಿಕ್ಕ ಜಾಗದಲ್ಲಿ ಕೂರಿಸಲು ಆಗಿದ್ದೇ ಸಿಲಿಕಾನ್ ಗೇಟ್ ವಿಧಾನದಿಂದ, ಅಂದರೆ ಟ್ರಾನ್ಸಿಸ್ಟರ್‌ನ ಗೇಟನ್ನು ಲೋಹದ ಬದಲು ಸಿಲಿಕಾನ್‌ನಲ್ಲೇ ಮಾಡುವುದು. ಅದನ್ನು ಹಿಂದಿನ ಕಂಪನಿ ಫೇರ್‌ಚೈಲ್ಡ್‌ನಲ್ಲಿ 1968ರಲ್ಲೇ ಅವರು ಪಳಗಿಸಿದ್ದರು. ಇದು ಗಾರೆ ಕೆಲಸ ಅಲ್ಲ ಭಾವ.

ಭಾವ: ಒಪ್ಪಿದೆ, ಕಷ್ಟದ ಕೆಲಸ. ಹಾಗಾದರೆ ಹಾಫ್ ಜೊತೆ ಕೆಲಸ ಮಾಡಿದ ಸ್ಟಾನ್ಲಿ ಮೇಜರ್, ಶಿಮಾ ಇವರನ್ನೂ ಸೇರಿಸಬೇಕಲ್ಲ?

ನಾನು: ಖಂಡಿತ ಸೇರಿಸಬೇಕು. 1997ರ ಕ್ಯೋಟೊ ಪ್ರಶಸ್ತಿ ನಾಲ್ವರಿಗೂ ಬಂತು.

ದೊಡ್ಡಪ್ಪ: ನಾನು ಪಾಲಿಟೆಕ್ನಿಕ್‌ನಲ್ಲಿ ಇಂಟೆಲ್‌ನದೇ 8085 ಮೈಕ್ರೊಪ್ರೊಸೆಸರ್ ಕಿಟ್ ಇಟ್ಟುಕೊಂಡು ಪಾಠ ಮಾಡಿದವನು ಕಣೋ. ಈ ಹೆಸರು ಒಮ್ಮೆಯೂ ಹೇಳಲಿಲ್ಲ. ಯಾಕೆ ಮರೆತರು ಅವರನ್ನು?

ನಾನು: 1974ರ ಕೊನೆಗೆ ಅವರು ಇಂಟೆಲ್ ಬಿಟ್ಟು ಜೈಲಾಗ್ ಅನ್ನುವ ಕಂಪನಿ ಶುರು ಮಾಡಿದರು ದೊಡ್ಡಪ್ಪ. 1976ಕ್ಕೆ ಅವರ ಮೈಕ್ರೊಪ್ರೊಸೆಸರ್ ಝಡ್80 ಬಂತು, ಇಂಟೆಲ್‌ಗೆ ನೇರ ಪೈಪೋಟಿ. ಆಮೇಲೆ ಬಹಳ ವರ್ಷ ಇಂಟೆಲ್ ಹೇಳಿದ ಕಥೆಯಲ್ಲಿ ಹಾಫ್ ಮುಂದೆ, ಇವರು ಹಿಂದೆ. ನಿಮ್ಮ 8085ಕ್ಕೆ ಮೂಲವಾದ 8080 ಕೂಡ ಇವರ ಯೋಜನೆ, ವಿನ್ಯಾಸ ಶಿಮಾ ಅವರದ್ದು. ಆದರೆ 4004ರ ಅಂಚಿನಲ್ಲಿ ಫಾಜಿನ್ ತಮ್ಮ ಹೆಸರಿನ ಎರಡು ಅಕ್ಷರ ಕೆತ್ತಿದ್ದರು, ಎಫ್.ಎಫ್. ಅದನ್ನು ಯಾರೂ ಅಳಿಸಲು ಆಗಲಿಲ್ಲ.

ಭಾವ: ಜನಕ ಅಂತ ಒಬ್ಬರನ್ನೇ ಬರೆಯಬೇಕು ಅಂದರೆ ನಾನು ಈಗಲೂ ಹಾಫ್ ಅಂತಲೇ ಬರೆಯುತ್ತೇನೆ.

ಅಕ್ಕ: ಒಬ್ಬರನ್ನೇ ಯಾಕೆ ಬರೆಯಬೇಕು?

ದೊಡ್ಡಪ್ಪ: ಆ ಎರಡು ಅಕ್ಷರ ಕಾಣುವ ಫೋಟೊ ಇದ್ದರೆ ಹಾಕಪ್ಪ. ನನ್ನ ಹಳೇ ಸ್ಟೂಡೆಂಟ್ಸ್ ಗುಂಪಿಗೆ ಈ ಫಾರ್ವರ್ಡ್ ಹೋಗಿಬಿಟ್ಟಿದೆ. ಅಲ್ಲಿಗೂ ಕಳಿಸಬೇಕು.