ಕ್ಲಾಸ್ ಡಯಾಗ್ರಾಮಿನಿಂದ ಡೇಟಾಬೇಸ್ ಟೇಬಲ್ ಮಾಡಿಸಿದವರು ಅನುಭವ ಹೇಳ್ರಿ

ಸಿಂಧನೂರು, ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ಬಿಸಿಎ ಮುಗಿಸೀನಿ. ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಭತ್ತದ ಲೆಕ್ಕದ ಸಾಫ್ಟ್‌ವೇರ್ ಬರೀಲಿಕ್ಕೆ ಹತ್ತೀನಿ. ರೈತ, ಖರೀದಿದಾರ, ಲಾಟ್, ತೂಕ, ಹಮಾಲಿ, ತಕ್ ಪಟ್ಟಿ (ರೈತರಿಗೆ ಕೊಡೋ ಮಾರಾಟದ ಲೆಕ್ಕದ ಚೀಟಿ) ಅಂತ ಮೊದಲು ಸ್ಟಾರ್‌ಯುಎಂಎಲ್‌ನ್ಯಾಗ ಕ್ಲಾಸ್ ಡಯಾಗ್ರಾಮ್ (ಯಾವ ವಸ್ತು ಅದಾವ, ಅವುಗಳ ನಡುವೆ ಏನು ಸಂಬಂಧ ಅಂತ ಬಾಕ್ಸು, ಗೆರೆಯಿಂದ ತೋರಿಸೋ ಚಿತ್ರ) ಬಿಡಿಸಿದೆ. ಆಮೇಲೆ ಅದನ್ನೇ ನೋಡಿಕೊಂಡು ಮೈಎಸ್‌ಕ್ಯೂಎಲ್ ವರ್ಕ್‌ಬೆಂಚಿನ್ಯಾಗ ಬಿಡಿಸಿ ಫಾರ್ವರ್ಡ್ ಎಂಜಿನಿಯರ್ (ಚಿತ್ರದಿಂದ ಟೇಬಲ್ ಕಟ್ಟೋ ಸ್ಕ್ರಿಪ್ಟ್ ಮಾಡೋದು) ಒತ್ತಿದೆ. ಸ್ಕ್ರಿಪ್ಟ್ ಬಂತು, ನೋಡಲಿಕ್ಕೆ ಚಂದ ಐತಿ. ಆದ್ರ ಹಿಂಗ ಚಿತ್ರದಿಂದ ಬಂದ ಸ್ಕೀಮಾ (ಟೇಬಲ್ಲುಗಳ ರಚನೆ) ನಂಬಿ ಅಂಗಡಿ ಲೆಕ್ಕ ಕೂಡಿಸಬಹುದಾ? ನೀವು ಏನೇನು ತಿದ್ದತೀರಿ? ಪಟ್ಟಿ ಸಾಲಿನ ಟೇಬಲ್ಲಿಗೆ ಪ್ರೈಮರಿ ಕೀ (ಒಂದೊಂದು ಸಾಲನ್ನ ಗುರುತಿಸೋದು) ಒಳಗ ನಾಲ್ಕು ಕಾಲಮ್ ಬಂದಾವ, ಅದು ಯಾಕ ಅಂತನೂ ತಿಳೀಲಿಲ್ಲ.

ಗಂಗಾವತಿ, ರೈಸ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಮಾಡುವವರು:

ನಂಬಬಹುದು, ಆದರೆ ಓದಿದ ಮೇಲೆ. ಸ್ಕ್ರಿಪ್ಟನ್ನು ರನ್ ಮಾಡೋ ಮೊದಲು ಒಂದೊಂದೇ ಟೇಬಲ್ ಓದ್ರಿ. ನಾನು ಮೊದಲು ನೋಡೋದು ಕೀ. ಕ್ಲಾಸ್ ಡಯಾಗ್ರಾಮಿನಲ್ಲಿ ಪ್ರೈಮರಿ ಕೀ ಅನ್ನೋದೇ ಇಲ್ಲ, ಪ್ರತಿ ಆಬ್ಜೆಕ್ಟಿಗೂ ತನ್ನದೇ ಗುರುತು ಇದೆ ಅಂತ ಅಲ್ಲಿ ಒಪ್ಪಿಕೊಂಡುಬಿಟ್ಟಿರುತ್ತಾರೆ. ಟೇಬಲ್ಲಿಗೆ ಅದು ನಡೆಯಲ್ಲ. ಹಾಗಾಗಿ ಟೂಲ್‌ಗಳು ಒಂದು ಐಡಿ ಕಾಲಮ್ ಹಚ್ಚಿ ಕೈ ತೊಳ್ಕೊಳ್ತವೆ. ಒಂದೇ ಲಾಟನ್ನು ಎರಡು ಸಲ ಎಂಟ್ರಿ ಮಾಡಿದರೆ ಐಡಿ ಎರಡು, ಡೇಟಾಬೇಸಿಗೆ ಅವು ಎರಡು ಲಾಟು. ಸುಗ್ಗಿಯಲ್ಲಿ ಯಾರ್ಡ್ ತುಂಬಿ ತುಳುಕುವಾಗ ಗುಮಾಸ್ತರು ಒಂದೇ ಚೀಟಿ ಎರಡು ಸಲ ಹೊಡೆಯೋದು ಹೊಸದೇನಲ್ಲ. ಅಂಗಡಿ, ದಿನಾಂಕ, ಲಾಟ್ ನಂಬರ್ ಮೂರೂ ಸೇರಿಸಿ ಯುನೀಕ್ ಕನ್‌ಸ್ಟ್ರೇಂಟ್ (ಅದೇ ಮೂರೂ ಮತ್ತೆ ಬಂದರೆ ತಡೆಯೋ ನಿಯಮ) ನೀವೇ ಹಾಕಬೇಕು.

ರೈತರ ಟೇಬಲ್ಲಿಗೆ ಮಾತ್ರ ಇದು ಅಷ್ಟು ಸಲೀಸಲ್ಲ. ಹೆಸರು, ತಂದೆ ಹೆಸರು, ಊರು ಮೂರೂ ಒಂದೇ ಇರೋ ಇಬ್ಬರು ಸಿಗ್ತಾರೆ. ಮನೆಮಂದಿಗೆಲ್ಲ ಒಂದೇ ಮೊಬೈಲ್ ನಂಬರ್ ಇರುತ್ತೆ. ಅಲ್ಲಿ ಯುನೀಕ್ ಹಾಕಿ ಕೂತರೆ ಎರಡನೇ ಹನುಮಂತಪ್ಪನ ಭತ್ತ ಎಂಟ್ರಿನೇ ಆಗಲ್ಲ. ಅದನ್ನು ಸ್ಕ್ರೀನಿನಲ್ಲಿ “ಇವರೇ ಏನ್ರಿ?” ಅಂತ ಕೇಳಿಸಿ ಬಗೆಹರಿಸ್ರಿ.

ಆಮೇಲೆ ಅಳತೆ. ಡಯಾಗ್ರಾಮಿನಲ್ಲಿ “ದರ: ರಿಯಲ್” ಅಂತ ಬರೆದದ್ದು ಸಾಮಾನ್ಯವಾಗಿ ಫ್ಲೋಟ್ ಇಲ್ಲವೇ ಡಬಲ್ ಆಗಿ ಇಳಿಯುತ್ತೆ. ದುಡ್ಡಿಗೆ ಅದು ಬ್ಯಾಡೇ ಬ್ಯಾಡ. ಬೈನರಿಯಲ್ಲಿ 0.1 ಕೂಡ ಪೂರ್ತಿ ಕೂರಲ್ಲ, ದಿನದ ಕೊನೆಗೆ ಮೊತ್ತ ಪೈಸೆ ಪೈಸೆ ಜಾರುತ್ತೆ. ಡೆಸಿಮಲ್ ಮಾಡ್ರಿ, 12 ಅಂಕೆ, ಅದರಲ್ಲಿ ಪಾಯಿಂಟ್ ಆದಮೇಲೆ 2. ತೂಕಕ್ಕೂ ಡೆಸಿಮಲ್ಲೇ.

ಇದಕ್ಕಿಂತ ದೊಡ್ಡ ತಲೆನೋವು ಯೂನಿಟ್. ನಮ್ಮ ಕಡೆ ಭತ್ತದ ದರ ಮಾತಾಡೋದು 75 ಕೆಜಿ ಚೀಲಕ್ಕೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ, ವೇಬ್ರಿಡ್ಜ್ ಚೀಟಿ ಕೆಜಿಯಲ್ಲಿ. ಚೀಲಕ್ಕೆ 1,800 ಅಂದ್ರೆ ಕ್ವಿಂಟಲಿಗೆ 2,400. ಬರೀ “ದರ” ಅನ್ನೋ ಕಾಲಮಿನಲ್ಲಿ 1,800 ಕೂತಿದ್ದರೆ ಮುಂದಿನ ಸುಗ್ಗಿಗೆ ಅದು ಯಾವ ಲೆಕ್ಕದ್ದು ಅಂತ ಮಾಲೀಕರಿಗೂ ನೆನಪಿರಲ್ಲ. ನಾನು ಒಳಗೆ ಎಲ್ಲವನ್ನೂ ಕೆಜಿ, ಕ್ವಿಂಟಲಿನಲ್ಲೇ ಇಟ್ಟು ಕಾಲಮಿನ ಹೆಸರಿನಲ್ಲೇ ಯೂನಿಟ್ ಬರೀತೀನಿ. ಪಟ್ಟಿ ಪ್ರಿಂಟ್ ಆಗುವಾಗ ಚೀಲದ ದರಕ್ಕೆ ತಿರುಗಿಸ್ತೀನಿ, ರೈತರು ಕೇಳೋದು ಅದನ್ನೇ.

ತಳಿಗೆ ಎನ್ಯುಮ್ (ಕಾಲಮಿನಲ್ಲೇ ಕಟ್ಟಿಟ್ಟ ಆಯ್ಕೆಗಳು) ಮಾಡಿದ್ರಾ? ಸೋನಾ ಮಸೂರಿ, ಆರ್‌ಎನ್‌ಆರ್, ಕಾವೇರಿ ಅಂತ ಪಟ್ಟಿ ಬೆಳೀತಾನೇ ಇರುತ್ತೆ. ಹೊಸ ತಳಿ ಬಂದಾಗಲೆಲ್ಲ ಆಲ್ಟರ್ ಟೇಬಲ್ ಓಡಿಸೋಕೆ ನಿಮ್ಮನ್ನೇ ಕರೀತಾರೆ. ಬೇರೆ ಟೇಬಲ್ ಮಾಡಿಬಿಡ್ರಿ.

ಕೊಪ್ಪಳ, ಕಾಲೇಜಿನಲ್ಲಿ ಡಿಬಿಎಂಎಸ್ ಪಾಠ ಮಾಡುವವರು:

ನಾಲ್ಕು ಕಾಲಮಿನ ಕೀ ಬಗ್ಗೆ ಹೇಳುತ್ತೇನೆ. ಪ್ರಾಜೆಕ್ಟ್ ವೈವಾಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ವರ್ಕ್‌ಬೆಂಚಿನ ಪಕ್ಕದ ಟೂಲ್ ಬಾರಿನಲ್ಲಿ ಒಂದಕ್ಕೆ ಹಲವು ಸಂಬಂಧಕ್ಕೆ ಎರಡು ಗುಂಡಿಗಳಿವೆ: ಒಂದು ಚುಕ್ಕೆ ಗೆರೆ, ಇನ್ನೊಂದು ತುಂಬು ಗೆರೆ. ತುಂಬು ಗೆರೆ ಎಂದರೆ ಐಡೆಂಟಿಫೈಯಿಂಗ್ ಸಂಬಂಧ. ಅದನ್ನು ಎಳೆದರೆ ತಾಯಿ ಟೇಬಲಿನ ಕೀ ಮಗು ಟೇಬಲಿನ ಪ್ರೈಮರಿ ಕೀ ಒಳಗೇ ಸೇರುತ್ತದೆ. ನೀವು ರೈತನಿಂದ ಲಾಟಿಗೆ, ಲಾಟಿನಿಂದ ಪಟ್ಟಿಗೆ, ಪಟ್ಟಿಯಿಂದ ಸಾಲಿಗೆ ಎಲ್ಲವೂ ತುಂಬು ಗೆರೆ ಎಳೆದಿದ್ದೀರಿ. ಲಾಟಿನ ಕೀಯಲ್ಲಿ ಎರಡು, ಪಟ್ಟಿಯಲ್ಲಿ ಮೂರು, ಸಾಲಿನಲ್ಲಿ ನಾಲ್ಕು.

ಚಿತ್ರದಲ್ಲಿ ಇದು ಅಂದವಾಗಿಯೇ ಕಾಣುತ್ತದೆ. ಯಾರ್ಡಿನಲ್ಲಿ ಒಂದು ಲಾಟು ತಪ್ಪಿ ಅಣ್ಣನ ಬದಲು ತಮ್ಮನ ಹೆಸರಿಗೆ ಬಿತ್ತು ಎನ್ನಿ. ತಿದ್ದಲು ಹೋದರೆ ಬದಲಾಗಬೇಕಿರುವುದು ಲಾಟಿನ ಪ್ರೈಮರಿ ಕೀ. ಕೆಳಗಿನ ಎರಡು ಟೇಬಲ್‌ಗಳು ಅದನ್ನೇ ಹಿಡಿದುಕೊಂಡಿವೆ, ಸ್ಕ್ರಿಪ್ಟಿನಲ್ಲಿ “ಆನ್ ಅಪ್‌ಡೇಟ್ ನೋ ಆಕ್ಷನ್” ಎಂದು ಬಂದಿರುತ್ತದೆ, ಡೇಟಾಬೇಸ್ ಎರರ್ ಕೊಟ್ಟು ಕೂರುತ್ತದೆ. ಪಟ್ಟಿ ಮತ್ತು ಸಾಲಿನ ನಡುವೆ ಮಾತ್ರ ತುಂಬು ಗೆರೆ ಇದ್ದರೆ ಇರಲಿ, ಪಟ್ಟಿ ಇಲ್ಲದೆ ಸಾಲಿಗೆ ಬಾಳಿಲ್ಲ. ಉಳಿದವನ್ನು ಚುಕ್ಕೆ ಗೆರೆ ಮಾಡಿ.

ಇನ್ನೊಂದು ವಿಷಯ. ಡಯಾಗ್ರಾಮಿನಲ್ಲಿ “ಒಂದು ಪಟ್ಟಿಗೆ ಕನಿಷ್ಠ ಒಂದು ಸಾಲು” ಎಂದು 1..* ಬರೆದಿದ್ದರೂ ಫಾರಿನ್ ಕೀ (ಇನ್ನೊಂದು ಟೇಬಲಿನ ಸಾಲನ್ನು ತೋರಿಸುವ ಕಾಲಮ್) ಅದನ್ನು ಕಾಯುವುದಿಲ್ಲ. ಸಾಲಿಗೆ ಪಟ್ಟಿ ಇರಲೇಬೇಕು ಎಂಬುದನ್ನಷ್ಟೇ ಅದು ಕಾಯುತ್ತದೆ. ಸಾಲೇ ಇಲ್ಲದ ಖಾಲಿ ಪಟ್ಟಿ ಆರಾಮವಾಗಿ ಒಳಗೆ ಬರುತ್ತದೆ. ಅದನ್ನು ನಿಮ್ಮ ಪ್ರೋಗ್ರಾಮೇ ನೋಡಿಕೊಳ್ಳಬೇಕು. 0..1 ಮತ್ತು 1ರ ವ್ಯತ್ಯಾಸ ಮಾತ್ರ ಸ್ಪಷ್ಟವಾಗಿ ಇಳಿಯುತ್ತದೆ: ಫಾರಿನ್ ಕೀ ಕಾಲಮ್ ನಲ್ (ಖಾಲಿ) ಆಗಬಹುದೋ ಇಲ್ಲವೋ ಎಂದು.

ಇನ್ಹೆರಿಟೆನ್ಸ್ (ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಪಡೆಯುವುದು) ಬಳಸಿದ್ದೀರಾ? “ವ್ಯಕ್ತಿ” ಕ್ಲಾಸಿನ ಕೆಳಗೆ ರೈತ, ಖರೀದಿದಾರ ಎಂದು ಬಿಡಿಸಿದ್ದರೆ ರಿಲೇಷನಲ್ ಡೇಟಾಬೇಸಿಗೆ ಅದು ನೇರವಾಗಿ ಇಳಿಯುವುದಿಲ್ಲ. ಎಲ್ಲವನ್ನೂ ಒಂದೇ ಟೇಬಲಿಗೆ ತುಂಬಬಹುದು, ತಾಯಿಗೊಂದು ಮಕ್ಕಳಿಗೊಂದೊಂದು ಟೇಬಲ್ ಮಾಡಬಹುದು, ಅಥವಾ ಮಕ್ಕಳಿಗೆ ಮಾತ್ರ ಟೇಬಲ್ ಮಾಡಬಹುದು. ಟೂಲ್ ತನಗೆ ತೋಚಿದ ದಾರಿ ಹಿಡಿಯುತ್ತದೆ, ಯಾವುದೆಂದು ನೋಡಿಕೊಳ್ಳಿ. ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ (ಟೇಬಲ್ ಆಧಾರಿತ) ಮಾದರಿ ಮುಂದಿಟ್ಟರು, ಪೀಟರ್ ಚೆನ್ 1976ರಲ್ಲಿ ಇಆರ್ (ವಸ್ತು ಮತ್ತು ಸಂಬಂಧಗಳ) ಮಾದರಿ ಕೊಟ್ಟರು, ಕ್ಲಾಸ್ ಡಯಾಗ್ರಾಮ್ ಇರುವ ಯುಎಂಎಲ್ ಅನ್ನು ಒಎಂಜಿ ಎಂಬ ಮಾನದಂಡ ಸಂಸ್ಥೆ ಒಪ್ಪಿದ್ದು 1997ರಲ್ಲಿ. ಕೊನೆಯದು ಆಬ್ಜೆಕ್ಟ್‌ಗಳಿಗಾಗಿ ಹುಟ್ಟಿದ ಗೆರೆಗಳು. ಕ್ಲಾಸ್ ಚಿತ್ರವೂ ಟೇಬಲೂ ಒಂದೇ ಅಂದುಕೊಂಡು ಗುಂಡಿ ಒತ್ತಿದರೆ ಹೀಗಾಗುತ್ತದೆ.

ಗಂಗಾವತಿ:

ಮೇಡಂ ಹೇಳಿದ ಇನ್ಹೆರಿಟೆನ್ಸಿಗೆ ಒಂದು ಮಾತು. ನಮ್ಮಲ್ಲಿ ಹೊಲ ಇರೋ ದಲಾಲರೂ ಇದ್ದಾರೆ, ಬೇರೆಯವರ ಭತ್ತ ಕೊಳ್ಳೋ ರೈತರೂ ಇದ್ದಾರೆ. ಒಬ್ಬನೇ ಮನುಷ್ಯ ಬೆಳಗ್ಗೆ ಮಾರಿ ಸಂಜೆ ಕೊಳ್ತಾನೆ. ಎರಡು ಟೇಬಲಿನಲ್ಲಿ ಎರಡು ಸಲ ಕೂರಿಸಿದ್ರೆ ಬಾಕಿ ತಾಳೆ ಆಗಲ್ಲ. “ಪಾರ್ಟಿ” ಅಂತ ಒಂದು ಟೇಬಲ್, “ಪಾತ್ರ” ಅಂತ ಇನ್ನೊಂದು. ಮುಗೀತು.

ಮಾನ್ವಿ:

ಇಷ್ಟೆಲ್ಲ ಯಾಕ್ರಿ, ದಲಾಲಿ ಅಂಗಡಿಗೆ ಎಕ್ಸೆಲ್ ಸಾಕಲ್ಲ? ನಮ್ಮ ಮಾವನವರು ಇವತ್ತಿಗೂ ಕೆಂಪು ರಟ್ಟಿನ ಖಾತೆ ಬುಕ್ಕಿನ್ಯಾಗ ಬರೀತಾರ. ಒಂದು ರೂಪಾಯಿ ಆ ಕಡೆ ಈ ಕಡೆ ಆಗಿಲ್ಲ.

ಬಳ್ಳಾರಿ, ಜೀನ್ಸ್ ಘಟಕಗಳ ಬಿಲ್ಲಿಂಗ್ ನೋಡಿಕೊಳ್ಳುವವರು:

ಮಾನ್ವಿಯವರೇ, ನೀವು ತಮಾಷೆಗೆ ಹೇಳಿದ್ರೂ ಆ ಖಾತೆ ಬುಕ್ ಮಾತು ಬಿಡೋ ಹಂಗಿಲ್ಲ. ಆ ಬುಕ್ಕಲ್ಲಿ ಅವತ್ತಿನ ದರ ಅವತ್ತಿನ ಸಾಲಲ್ಲೇ ಇರುತ್ತೆ. ಡಯಾಗ್ರಾಮಲ್ಲಿ ಇರಲ್ಲ.

ನಮ್ಮ ಕಡೆ ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಎಲ್ಲಾ ಪೀಸ್ ರೇಟು. ಒಂದು ಘಟಕಕ್ಕೆ ಯಾರೋ ಮಾಡಿಕೊಟ್ಟಿದ್ದ ಡಿಸೈನ್ ನನ್ನ ಕೈಗೆ ಬಂತು. ಚಿತ್ರ ಬಲೇ ನೀಟು: “ಕೆಲಸ” ಅನ್ನೋ ಬಾಕ್ಸಿಂದ “ರೇಟು” ಅನ್ನೋ ಬಾಕ್ಸಿಗೆ ಒಂದು ಗೆರೆ. ಟೂಲ್ ಅದನ್ನ ಒಂದು ಫಾರಿನ್ ಕೀ ಮಾಡಿತ್ತು. ನಿಯಮದ ಪ್ರಕಾರ ಸರಿಯೇ. ಹೊಲಿಗೆ ರೇಟು ಪೀಸಿಗೆ ಎರಡು ರೂಪಾಯಿ ಏರಿಸಿದ ದಿನ ಆ ಟೇಬಲಲ್ಲಿ ಒಂದು ಸಂಖ್ಯೆ ಬದಲಾಯಿಸಿದ್ರು. ಆಗ ಹಿಂದಿನ ತಿಂಗಳ ಬಿಲ್ ಮತ್ತೆ ಪ್ರಿಂಟ್ ಹಾಕಿದ್ರೆ ಹೊಸ ರೇಟಲ್ಲಿ ಬಂತು. ಕಾರ್ಮಿಕರು ಒಂದು ಮೊತ್ತ ತಗೊಂಡಿದ್ದಾರೆ, ಕಾಗದ ಇನ್ನೊಂದು ಹೇಳ್ತಿದೆ.

ಹಾಗಾಗಿ ಕೆಲಸದ ಸಾಲಲ್ಲೇ “ಆಗಿನ ರೇಟು” ಅಂತ ಕಾಲಮ್ ಇಟ್ಟು ನಕಲು ಮಾಡ್ಕೋಬೇಕು, ಇಲ್ಲಾ ರೇಟು ಟೇಬಲ್ಲಿಗೆ “ಯಾವತ್ತಿಂದ, ಯಾವತ್ತಿನವರೆಗೆ” ಅಂತ ಎರಡು ದಿನಾಂಕ ಹಾಕಬೇಕು. ನಾರ್ಮಲೈಸೇಷನ್ ಓದಿದವರು ಮೊದಲನೇದಕ್ಕೆ ಮುಖ ಗಂಟಿಕ್ತಾರೆ, ಒಂದೇ ಮಾಹಿತಿ ಎರಡು ಕಡೆ ಅಂತ. ನನ್ನ ಪ್ರಕಾರ ಅದು ಒಂದೇ ಮಾಹಿತಿ ಅಲ್ಲ. ಇವತ್ತಿನ ರೇಟು ಬೇರೆ, ಅವತ್ತು ಕೊಟ್ಟ ರೇಟು ಬೇರೆ. ನಿಮ್ಮ ಹಮಾಲಿ ದರಕ್ಕೂ ಇದೇ ಮಾಡಿ.

ಮತ್ತೆ ಸೈಜು. 28, 30, 32, 34 ಅಂತ ಒಂದು ಆರ್ಡರಿಗೆ ಎಷ್ಟೆಷ್ಟು ಪೀಸು ಅನ್ನೋದನ್ನ ಕ್ಲಾಸಲ್ಲಿ ಅರೇ (ಒಂದೇ ಕಡೆ ಹಲವು ಬೆಲೆಗಳ ಸಾಲು) ಅಂತ ಬರೆದುಬಿಡಬಹುದು. ಮೈಎಸ್‌ಕ್ಯೂಎಲ್ ಟೇಬಲಲ್ಲಿ ಅರೇ ಕೂರಲ್ಲ. ಕಾಮಾ ಹಾಕಿ ಒಂದೇ ಟೆಕ್ಸ್ಟ್ ಕಾಲಮಿಗೆ ತುರುಕಿರೋದನ್ನೂ ನೋಡಿದೀನಿ. 32ರ ಸೈಜು ಒಟ್ಟು ಎಷ್ಟು ಹೋಗಿದೆ ಅಂತ ಮಾಲೀಕರು ಕೇಳಿದ ದಿನ ಬೆವರು ಇಳಿಯುತ್ತೆ. ಸೈಜಿಗೊಂದು ಸಾಲು ಇರೋ ಮಗು ಟೇಬಲ್ ಮಾಡಬೇಕು.

ಸಿಂಧನೂರು, ಪ್ರಶ್ನೆ ಕೇಳಿದವರು:

ಭಾಳ ಉಪಕಾರ ಆತ್ರಿ. ತುಂಬು ಗೆರೆ ತೆಗೆದು ಚುಕ್ಕೆ ಗೆರೆ ಮಾಡಿದೆ. ಕೀ ಈಗ ಸಣ್ಣದಾತು. ಈಗ ಇನ್ನೊಂದು ಸಮಸ್ಯೆ. ಎಕ್ಸ್‌ಎಎಂಪಿಪಿ (ಕಂಪ್ಯೂಟರಿನ್ಯಾಗ ಡೇಟಾಬೇಸ್ ಸರ್ವರ್ ಹಾಕಿಕೊಡೋ ಪ್ಯಾಕೇಜ್) ಮೇಲೆ ಸ್ಕ್ರಿಪ್ಟ್ ಓಡಿಸಿದ್ರ ಮೊದಲನೇ ಇಂಡೆಕ್ಸ್ ಹತ್ತಿರನೇ 1064 ಸಿಂಟ್ಯಾಕ್ಸ್ ಎರರ್ ಬರ್ತದ. “ವಿಸಿಬಲ್” ಅನ್ನೋ ಪದದ ಹತ್ತಿರ ಅಂತ ತೋರಿಸ್ತದ. ನಾ ಅಂತೂ ಆ ಪದ ಎಲ್ಲೂ ಬರೆದಿಲ್ಲ.

ಸಿರುಗುಪ್ಪ:

ನೀವು ಬರೆದಿಲ್ಲ, ವರ್ಕ್‌ಬೆಂಚ್ ಬರೆದಿದೆ. ವರ್ಕ್‌ಬೆಂಚ್ 8 ಸುಮ್ಮನಿದ್ದರೆ ಮೈಎಸ್‌ಕ್ಯೂಎಲ್ 8ಕ್ಕೆ ಸ್ಕ್ರಿಪ್ಟ್ ಮಾಡುತ್ತೆ, ಎಕ್ಸ್‌ಎಎಂಪಿಪಿ ಒಳಗೆ ಇರೋದು ಮರಿಯಾಡಿಬಿ, ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಬೇರೆ ಡೇಟಾಬೇಸ್. ಇಂಡೆಕ್ಸಿನ ಮುಂದೆ ವಿಸಿಬಲ್ ಅಂದರೆ ಅದಕ್ಕೆ ತಿಳಿಯಲ್ಲ. ಮಾಡೆಲ್ ಮೆನುವಿನ ಮಾಡೆಲ್ ಆಪ್ಷನ್ಸ್‌ಗೆ ಹೋಗಿ, ಮೈಎಸ್‌ಕ್ಯೂಎಲ್ ವಿಭಾಗದಲ್ಲಿ ಗ್ಲೋಬಲ್ ಸೆಟ್ಟಿಂಗ್ ಬಳಸು ಅನ್ನೋ ಟಿಕ್ ತೆಗೆದು, ಟಾರ್ಗೆಟ್ ವರ್ಷನ್ 5.7 ಅಂತ ಹಾಕಿ ಮತ್ತೆ ಜನರೇಟ್ ಮಾಡಿ. ಅಂಗಡಿಯಲ್ಲಿ ಕೊನೆಗೆ ಯಾವುದು ಓಡುತ್ತೋ ಅದರ ಮೇಲೆಯೇ ಪರೀಕ್ಷೆ ಮಾಡೋದು ಒಳ್ಳೇದು.

“ತೂಕ ಸೊನ್ನೆಗಿಂತ ಹೆಚ್ಚು” ಅಂತ ಚೆಕ್ ಹಾಕೋದಿದ್ದರೆ ವರ್ಷನ್ ನೋಡ್ಕೊಳ್ಳಿ. ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಹಿಂದಿನವು ಚೆಕ್ ಅನ್ನು ಓದಿ, ತಲೆಯಾಡಿಸಿ, ಮರೆತುಬಿಡ್ತಿದ್ದವು. ಎರರೂ ಕೊಡ್ತಿರಲಿಲ್ಲ.

ರಾಯಚೂರು, ಡೇಟಾಬೇಸ್ ಅಡ್ಮಿನ್:

ಎಲ್ಲರೂ ಮೊದಲ ದಿನದ ಸ್ಕೀಮಾ ಬಗ್ಗೆ ಹೇಳಿದ್ದೀರಿ. ಕಷ್ಟ ಇರುವುದು ಎರಡನೇ ತಿಂಗಳಲ್ಲಿ. ಅಂಗಡಿಯ ಡೇಟಾ ಒಳಗೆ ಬಂದಿದೆ, ಮಾಲೀಕರು “ತೇವಾಂಶನೂ ಬರೀಬೇಕು” ಅಂತಾರೆ. ನೀವು ಚಿತ್ರದಲ್ಲಿ ಒಂದು ಕಾಲಮ್ ಸೇರಿಸಿ, ಪಕ್ಕದ್ದರ ಹೆಸರೂ ಬದಲಿಸಿ, ಮತ್ತೆ ಜನರೇಟ್ ಮಾಡುತ್ತೀರಿ. ಹೆಸರು ಬದಲಾಯಿಸಿದ್ದನ್ನು ಹಲವು ಟೂಲ್‌ಗಳು ಹಳೇ ಕಾಲಮ್ ಅಳಿಸಿ ಹೊಸದು ಸೇರಿಸಿದ್ದು ಅಂತ ಓದುತ್ತವೆ. ಸ್ಕ್ರಿಪ್ಟ್ ಓಡಿದರೆ ಹಳೇ ಕಾಲಮಿನ ಡೇಟಾ ಹೋಯ್ತು. ಸ್ಕ್ರಿಪ್ಟಿನಲ್ಲಿ “ಡ್ರಾಪ್” ಅಂತ ಹುಡುಕಿ ನೋಡದೆ ಲೈವ್ ಡೇಟಾಬೇಸ್ ಮುಟ್ಟಬೇಡಿ. ಮುಟ್ಟುವ ಮೊದಲು ಬ್ಯಾಕಪ್.

ನಾನು ಮಾಡುವುದು ಹೀಗೆ. ಚಿತ್ರದಿಂದ ಜನರೇಟ್ ಮಾಡುವುದು ಒಂದೇ ಸಲ, ಶುರುವಿನಲ್ಲಿ. ಅದನ್ನು ಕೈಯಲ್ಲಿ ತಿದ್ದಿ ಮೊದಲ ಮೈಗ್ರೇಷನ್ ಫೈಲ್ (ಡೇಟಾಬೇಸ್ ಬದಲಾವಣೆಯ ಸ್ಕ್ರಿಪ್ಟ್) ಅಂತ ಇಡುತ್ತೇನೆ. ಆಮೇಲೆ ಪ್ರತಿ ಬದಲಾವಣೆಗೂ ನಂಬರ್ ಹಾಕಿದ ಒಂದು ಸಣ್ಣ ಸ್ಕ್ರಿಪ್ಟ್. ಫ್ಲೈವೇ, ಲಿಕ್ವಿಬೇಸ್ ಇದನ್ನೇ ಅಚ್ಚುಕಟ್ಟಾಗಿ ಮಾಡುತ್ತವೆ. ಚಿತ್ರ ಬೇಕಾದಾಗ ಉಲ್ಟಾ ದಾರಿ: ಓಡುತ್ತಿರುವ ಡೇಟಾಬೇಸಿನಿಂದಲೇ ರಿವರ್ಸ್ ಎಂಜಿನಿಯರ್ ಮಾಡಿ ಚಿತ್ರ ತೆಗೆಯುವುದು. ಡಿಬೀವರ್ ಕೂಡ ಅದನ್ನು ಮಾಡಿಕೊಡುತ್ತದೆ. ಚಿತ್ರವೂ ಮೂಲ, ಸ್ಕ್ರಿಪ್ಟೂ ಮೂಲ ಅಂತ ಎರಡನ್ನೂ ಇಟ್ಟುಕೊಂಡ ಕಡೆ ಯಾವುದು ನಿಜ ಅಂತ ಜಗಳ ನಡೆದೇ ಇರುತ್ತದೆ. ಕೊಪ್ಪಳದ ಮೇಡಂ ಒಪ್ಪಲಿಕ್ಕಿಲ್ಲ.

ಕೊಪ್ಪಳ:

ಅರ್ಧ ಒಪ್ಪುತ್ತೇನೆ. ವರ್ಕ್‌ಬೆಂಚಿನ ಮಾಡೆಲ್ ಫೈಲ್ ಒಂದು ಜಿಪ್, ಗಿಟ್‌ನಲ್ಲಿ ಇಟ್ಟರೆ ಏನು ಬದಲಾಯಿತು ಎಂದು ಕಾಣುವುದಿಲ್ಲ, ಅದು ನಿಜ. ಆದರೆ ಡಿಬಿಎಂಎಲ್‌ನಂಥ ಅಕ್ಷರದಲ್ಲಿ ಬರೆಯುವ ಮಾಡೆಲ್‌ಗಳಿಗೆ ಆ ತೊಂದರೆ ಇಲ್ಲ. ಬರೆದದ್ದರಿಂದಲೇ ಚಿತ್ರವೂ ಬರುತ್ತದೆ, ಸ್ಕೀಮಾವೂ ಬರುತ್ತದೆ. ಹುಡುಗರಿಗೆ ಈಗ ಅದನ್ನೇ ತೋರಿಸುತ್ತಿದ್ದೇನೆ. ಪೋಸ್ಟ್‌ಗ್ರೆಸ್ ಬಳಸುವವರು ಪಿಜಿಮಾಡೆಲರ್ ನೋಡಬಹುದು, ಅದರ ಫೈಲ್ ಎಕ್ಸ್‌ಎಂಎಲ್.

ಸಿಂಧನೂರು, ಪ್ರಶ್ನೆ ಕೇಳಿದವರು:

5.7 ಮಾಡಿದ ಮ್ಯಾಲೆ ಓಡಿತ್ರಿ! ಕೊನೇದೊಂದು ಕೇಳ್ತೀನಿ. ರೈತರ ಹೆಸರು ಕನ್ನಡದಾಗ ಬೇಕು ಅಂದಾರ. ವರ್ಕ್‌ಬೆಂಚ್ ಎಲ್ಲಾ ಹೆಸರಿಗೂ ವರ್ಚಾರ್ 45 (45 ಅಕ್ಷರದ ಮಿತಿ) ಕೊಟ್ಟದ, ಸಾಕಾಗ್ತದಾ?

ರಾಯಚೂರು:

45 ಅನ್ನುವುದು ಟೂಲಿನ ಡಿಫಾಲ್ಟ್ ಅಷ್ಟೇ, ಯಾರೂ ಲೆಕ್ಕ ಹಾಕಿ ಇಟ್ಟದ್ದಲ್ಲ. ಮೈಎಸ್‌ಕ್ಯೂಎಲ್ ಅಲ್ಲಿ ಎಣಿಸುವುದು ನಮ್ಮ ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ, ಯುನಿಕೋಡ್ ಸಂಕೇತಗಳನ್ನು. “ಲಕ್ಷ್ಮಿ” ನಮಗೆ ಎರಡಕ್ಷರ. ಅದಕ್ಕೆ ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು ಸೇರಿ ಏಳು. ಹೆಸರು, ತಂದೆ ಹೆಸರು, ಮನೆತನ ಎಲ್ಲ ಒಂದೇ ಕಾಲಮಿನಲ್ಲಿ ಬರೆಯುವವರಿಗೆ 45 ಬೇಗ ತುಂಬುತ್ತದೆ. 150 ಮಾಡಿ, ನಷ್ಟವೇನಿಲ್ಲ. ಸ್ಕ್ರಿಪ್ಟಿನ ಮೇಲ್ಗಡೆ ಕ್ಯಾರೆಕ್ಟರ್ ಸೆಟ್ ಬರೀ ಯುಟಿಎಫ್8 ಅಂತ ಇದ್ದರೆ ಯುಟಿಎಫ್8ಎಂಬಿ4 ಮಾಡಿ. ಕನೆಕ್ಷನ್ ಸ್ಟ್ರಿಂಗಿನಲ್ಲೂ ಅದೇ ಇರಲಿ, ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಕೂರುತ್ತವೆ. ಹಾಗೆಯೇ ಡೇಟಾಬೇಸಿನ ಹೆಸರು “ಮೈಡಿಬಿ” ಅಂತಲೇ ಉಳಿದಿದೆಯಾ ನೋಡಿ, ಅದೂ ಡಿಫಾಲ್ಟೇ.

ಸಿಂಧನೂರು, ಪ್ರಶ್ನೆ ಕೇಳಿದವರು:

ಮೈಡಿಬಿ ಅಂತನೇ ಐತ್ರಿ. ಈಗ ಬದಲಿಸ್ತೀನಿ.