ಕರೆಂಟು ಬಿಲ್ಲಿಗೂ ಒಂದು ಹಾಡು

"ಮಾತಾಡೋ ಬದಲು ಹಾಡೇ ಹಾಡ್ತಾರಾ?" ಎಂದ ಶೀನ.

ಮೂರ್ತಿ ಮನೆಯ ತೂಗುಮಂಚದ ಮೇಲೆ ಚುರುಮುರಿ ಖಾಲಿಯಾಗುತ್ತಿತ್ತು. ನಾನು ಹಿಂದಿನ ರಾತ್ರಿ ನೋಡಿದ ಫಿಲಿಪ್ಪೀನ್ಸ್ ಸಿನಿಮಾದ ವಿಷಯ ತೆಗೆದಿದ್ದೆ. 2017ರ 'ಆಂಗ್ ಲರಾವಾನ್'. ಹಾಗಂದ್ರೆ 'ಚಿತ್ರ'. ಮೂಲ, ನಿಕ್ ವಾಕಿನ್ ಇಂಗ್ಲಿಷಿನಲ್ಲಿ ಬರೆದ ನಾಟಕ. ರೊಲಾಂಡೊ ಟಿನಿಯೊ ಅದನ್ನು ತಗಾಲೊಗ್ ಭಾಷೆಯ ಹಾಡುಗಳಾಗಿಸಿದರು. ರಾಗ ಹಾಕಿದವರು ರಯಾನ್ ಕಯಾಬ್ಯಾಬ್.

"ನಮ್ಮ ಕಂಪನಿ ನಾಟಕದಲ್ಲಿ ಸತ್ತವನೂ ಎದ್ದು ಒನ್ಸ್ ಮೋರ್ ಹಾಡ್ತಿದ್ದ. ಇವರು ಎಷ್ಟೋ ವಾಸಿ" ಎಂದ ಮೂರ್ತಿ.

ಕಥೆ 1941ರದ್ದು. ಮನಿಲಾದ ಹಳೇ ಕೋಟೆಯೊಳಗಿನ ಇಂಟ್ರಾಮುರೋಸ್. ಯುದ್ಧ ಬಾಗಿಲಿಗೆ ಬಂದಿದೆ. ಮನೆಯಲ್ಲಿ ಮದುವೆಯಾಗದ ಅಕ್ಕ ತಂಗಿ, ಕಾಂದಿದಾ ಮತ್ತು ಪೌಲಾ. ಕೋಣೆ ಬಿಟ್ಟು ಬಾರದ ಚಿತ್ರಕಾರ ಅಪ್ಪ. ಗ್ರೀಕ್ ಪುರಾಣದ, ಉರಿಯುವ ಟ್ರಾಯ್ ಊರಿಂದ ಮುದಿ ತಂದೆಯನ್ನು ಹೊತ್ತು ಹೊರಟ ಮಗನ ಚಿತ್ರ ಬರೆದಿದ್ದಾನೆ. ಆದರೆ ತಂದೆಯ ಮುಖವೂ ತನ್ನದೇ, ಮಗನ ಮುಖವೂ ತನ್ನದೇ!

"ಶ್ರವಣಕುಮಾರ ಕಾವಡಿಯಲ್ಲಿ ತಾನೇ ಕೂತ ಹಾಗಾಯ್ತು" ಎಂದ ಶೀನ.

"ಮಕ್ಕಳು ಹೊರ್ತಾರೆ ಅನ್ನೋ ನಂಬಿಕೆ ಇರಲಿಲ್ಲ, ಪಾಪ" ಎಂದರು ಪದ್ಮಕ್ಕ.

ಅದೂ ನಿಜವೇ. ಬೇರೆ ಮನೆ ಮಾಡಿಕೊಂಡ ಮಗ, ಮಗಳು ಖರ್ಚಿಗೆ ಕೊಡಲು ಗೊಣಗುತ್ತಾರೆ. ಮನೆ ಮಾರೋಣ ಅನ್ನುತ್ತಾರೆ. ಯಾವ ಸಾಮಾನು ಯಾರಿಗೆ ಎಂದು ಅಪ್ಪ ಬದುಕಿರುವಾಗಲೇ ಕಿತ್ತಾಟ. ಇಲ್ಲಿ ಮೂರ್ತಿ ಸುಮ್ನೆ ಎದ್ದು ನೀರು ತರಲು ಹೋದ.

ಅಪ್ಪನ ಆ ಚಿತ್ರಕ್ಕೆ ಡಾಲರ್ ಸುರಿಯುವ ಅಮೆರಿಕದವನೊಬ್ಬ ಇದ್ದಾನೆ. ಅಕ್ಕ ತಂಗಿ ಮಾರುವುದಿಲ್ಲ. ಬದಲಿಗೆ ಕಾಂದಿದಾ ಇಲಿ ಹಿಡಿಯುವ ಕೆಲಸ ಕೇಳಿಕೊಂಡು ಸರ್ಕಾರಿ ಆಫೀಸಿಗೆ ಹೋಗುತ್ತಾಳೆ.

"ಅನುಭವದ ಸರ್ಟಿಫಿಕೇಟು ಯಾರು ಕೊಡ್ತಾರೆ, ಬೆಕ್ಕಾ?" ಎಂದ ಶೀನ.

ನನಗೆ ಜಾಸ್ತಿ ಹಿಡಿಸಿದ್ದು ಕರೆಂಟಿನ ಪ್ರಸಂಗ. ಬಿಲ್ಲು ಬಾಕಿ ಇದೆ. ಯಾವಾಗ ಬಂದು ಕಿತ್ತು ಹೋಗುತ್ತಾರೋ ಎಂಬ ದಿಗಿಲು. ಒಂದು ರಾತ್ರಿ ದೀಪ ಹೋಗೇ ಬಿಡುತ್ತದೆ. ಮಾನ ಹೋಯಿತೆಂದು ಇಬ್ಬರೂ ಕುಸಿಯುತ್ತಾರೆ. ಹೊರಗೆ ನೋಡಿದರೆ ಊರಿಗೂರೇ ಕತ್ತಲು! ಬಾಂಬಿನ ಭಯಕ್ಕೆ ದೀಪ ಆರಿಸುವ ತಾಲೀಮು ಅದು.

"ಅಯ್ಯೋ, ನಮ್ಮಮ್ಮ!" ಪದ್ಮಕ್ಕ ಕೈ ತಟ್ಟಿದರು. "ಕರೆಂಟು ಹೋದರೆ ಮೊದಲು ಎದುರು ಮನೆ ಕಿಟಕಿ ನೋಡ್ತಿದ್ರು. ಅಲ್ಲೂ ಹೋಗಿದ್ರೆ, ಅಬ್ಬ, ಸಮಾಧಾನ."

"ಬಾಂಬು ಬೀಳಲಿ, ಬಿಲ್ಲು ಬಾಕಿ ಅಂತ ಪಕ್ಕದವರಿಗೆ ಗೊತ್ತಾಗಬಾರದು" ಎಂದ ಶೀನ.

ಬಾಂಬು ಬಿತ್ತು ಕಣೋ, ಎಂದೆ. 1945ರ ಮನಿಲಾ ಕಾಳಗದಲ್ಲಿ ಇಂಟ್ರಾಮುರೋಸ್ ಬಹುಪಾಲು ನೆಲಸಮವಾಯಿತು. ಅಂಥ ಮನೆಗಳೂ ಇಲ್ಲ, ಪಾಲು ಕೇಳಿದ ಸಾಮಾನೂ ಇಲ್ಲ.

ಸ್ವಲ್ಪ ಹೊತ್ತು ತೂಗುಮಂಚದ ಸರಪಳಿ ಮಾತ್ರ ಕಿರುಗುಟ್ಟಿತು. ಮೂರ್ತಿ ನೀರಿನ ಚೊಂಬು ಹಿಡಿದು ಬಂದ.

"ಅಂದ ಹಾಗೆ ಮೂರ್ತಿ, ಈ ತೂಗುಮಂಚ ಕೊನೆಗೆ ಯಾರ ಪಾಲಿಗೆ ಬಂತು? ನಿನಗಾ, ನಿಮ್ಮಣ್ಣನಿಗಾ?" ಎಂದು ಶೀನ ಕೇಳಿಯೇ ಬಿಟ್ಟ.

"ಅದನ್ನ ಹಾಡಿನಲ್ಲಿ ಕೇಳು" ಎಂದ ಮೂರ್ತಿ, "ಆಮೇಲೆ ನೋಡೋಣ."