ತೋಟದಲ್ಲೇ ನಡೆಯೋ ವಿಜ್ಞಾನ ಕಥೆ: ಬರೆದವರು ಅನುಭವ ಹೇಳಿ (ಹೆಸರಿನ ಬದಲು ಊರಷ್ಟೇ ಹಾಕಿದೆ)

ನಾಪೋಕ್ಲು (ಪ್ರಶ್ನೆ): ಕೊಡಗಲ್ಲಿ ಜೇನೆಲ್ಲ ಸತ್ತರೆ ಅಂತ ಒಂದು ವಿಜ್ಞಾನ ಕಥೆ ಬರೀತಿದ್ದೀನಿ. ಓದಿದವರು ‘ರಾಕೆಟ್ ಇಲ್ಲ, ರೋಬೋಟ್ ಇಲ್ಲ, ಇದೆಂಥ ವಿಜ್ಞಾನ ಕಥೆ’ ಅಂತಾರೆ. ಮುಂದುವರಿಸಲಾ?

ವಿರಾಜಪೇಟೆ: 1818ರ ಮೇರಿ ಶೆಲ್ಲಿ ಕಾದಂಬರಿ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಯಾವ ರಾಕೆಟ್ ಇತ್ತು? ಒಬ್ಬ ವಿದ್ಯಾರ್ಥಿ, ಒಂದು ಪ್ರಯೋಗ, ಹುಟ್ಟಿಸಿದ್ದನ್ನ ಬಿಟ್ಟು ಓಡೋದು, ಅಷ್ಟೇ. ನಾನು ಬದಲಾಯಿಸೋದು ಒಂದೇ ಸಂಗತಿ, ಉಳಿದದ್ದು ಇದ್ದ ಹಾಗೇ. ಪರಿಣಾಮ ಮೊದಲು ಗಿಡಕ್ಕೆ, ಆಮೇಲೆ ದುಡ್ಡಿಗೆ, ಕೊನೆಗೆ ಮನೆಯವರ ನಡುವೆ. ಗಿಡದಲ್ಲೇ ನಿಂತರೆ ಕೃಷಿ ಲೇಖನ ಆಗುತ್ತೆ.

ಗೋಣಿಕೊಪ್ಪ: ‘ಜೇನು ಸತ್ತು ಕಾಫಿಯೆಲ್ಲ ಹೋಯ್ತು’ ಅಂತ ಬರೆದರೆ ಇಲ್ಲಿಯ ಓದುಗ ಅಲ್ಲೇ ಪುಸ್ತಕ ಮುಚ್ತಾನೆ. ಅರೇಬಿಕಾ ಕಾಫಿ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕು, ಅದನ್ನೂ ಗಾಳಿ ಒಂದಿಷ್ಟು ತರುತ್ತೆ. ಹಾಗಾಗಿ ಫಸಲು ಇಳಿಯುತ್ತೆ, ಸೊನ್ನೆ ಆಗಲ್ಲ. ಅರೇಬಿಕಾದವನು ಬಚಾವಾ? ಅವನಿಗೆ ಗಿಡದ ಕಾಂಡ ಕೊರೆಯೋ ಹುಳು, ಬಿಳಿ ಕಾಂಡಕೊರಕ ಇದೆ. ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ ಅಣ್ಣ, ಕೀಳದ ತಮ್ಮ, ನಡುವೆ ಪಾಲಾಗದ ತೋಟದ ಸಾಲ: ಕಥೆ ಅಲ್ಲಿದೆ.

ಕುಶಾಲನಗರ: ಈ ಲೆಕ್ಕದಲ್ಲೇ ಕನ್ನಡದ ವಿಜ್ಞಾನ ಕಥೆ ಸೊರಗಿದ್ದು. ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1865ರ ಕಾದಂಬರಿಯಲ್ಲಿ 900 ಅಡಿ ಫಿರಂಗಿಯಿಂದ ಮನುಷ್ಯರನ್ನ ಚಂದ್ರನತ್ತ ಹಾರಿಸಿದ. ಅಷ್ಟರೊಳಗೆ ಸೆಕೆಂಡಿಗೆ 11 ಕಿ.ಮೀ. ವೇಗ ಅಂದ್ರೆ ಗುರುತ್ವದ 20,000 ಪಟ್ಟು ಮೀರಿದ ಒತ್ತಡ, ಒಳಗಿದ್ದವರು ಉಳಿಯಲ್ಲ. ಜನ ಇನ್ನೂ ಓದ್ತಿಲ್ವಾ?

ಗೋಣಿಕೊಪ್ಪ: ಆಘಾತ ತಡೆಯೋಕೆ ವರ್ನ್ ಆ ಗುಂಡಿನೊಳಗೆ ತಳದಲ್ಲಿ ನೀರು ತುಂಬಿಸಿದ್ದ, ಅದನ್ನ ಯಾಕೆ ಬಿಟ್ರಿ? ನೀರು ಸಾಲಲ್ಲ, ಸರಿ. ಆದರೆ ಪ್ರಶ್ನೆ ಹಾಕ್ಕೊಂಡಿದ್ದ. ಲೆಕ್ಕ ಬೇಡ ಅನ್ನೋರು ಪ್ರಶ್ನೆಯನ್ನೇ ಹಾಕ್ಕೊಳ್ಳಲ್ಲ.

ಸೋಮವಾರಪೇಟೆ: ‘ಭವಿಷ್ಯ ನಿಜವಾಗಬೇಕು’ ಅನ್ನೋ ಸಲಹೆ ಬಂದರೆ ಕಿವಿಗೆ ಹಾಕ್ಕೋಬೇಡಿ. ವಿಜ್ಞಾನ ಕಥೆಗಾರ ಆರ್ಥರ್ ಕ್ಲಾರ್ಕ್ ಕಥೆಯಲ್ಲಿ ಸಂಪರ್ಕ ಉಪಗ್ರಹದ ಭವಿಷ್ಯ ನುಡಿದ ಅಂತಾರೆ. 1945ರಲ್ಲಿ ಅವನು ಬರೆದದ್ದು ಕಥೆಯಲ್ಲ, ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಗೆ ತಾಂತ್ರಿಕ ಲೇಖನ. ಕಥೆಗಾರ ಅಸಿಮೋವ್ 1942ರ ಕಥೆಯಲ್ಲಿ ರೋಬೋಟ್‌ಗಳಿಗೆ ಕೊಟ್ಟ ಮೂರು ನಿಯಮಗಳನ್ನೂ ನಿಜವಾದ ಯಂತ್ರಗಳ ಕಾನೂನು ಅಂದ್ಕೊಂಡಿದ್ದಾರೆ. ಆ ನಿಯಮ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅನ್ನೋದೇ ಆ ಕಥೆಗಳು.

ಮಡಿಕೇರಿ: ರಾಕೆಟ್ ಯಾಕೆ, ಹಾರುವ ಓತಿಯನ್ನ ಹುಡುಕೋ ವಿಜ್ಞಾನಿಯ ಕಥೆ, ತೇಜಸ್ವಿಯವರ ‘ಕರ್ವಾಲೊ’ ಸಾಕು. ಕನ್ನಡದ ದೊಡ್ಡ ವಿಜ್ಞಾನ ಕಾದಂಬರಿ ಅದೇ.

ವಿರಾಜಪೇಟೆ: ಅಲ್ಲ. ವಿಜ್ಞಾನಿ ಇದ್ದ ಮಾತ್ರಕ್ಕೆ ವಿಜ್ಞಾನ ಕಾದಂಬರಿ ಆಗಲ್ಲ. ಹಾರುವ ಓತಿ ನಮ್ಮ ಅಡಿಕೆ ಮರದಲ್ಲೇ ಇದೆ. ಲೋಕದ ಯಾವ ನಿಯಮ ಬದಲಾಯ್ತು ಅಲ್ಲಿ?

ಮಡಿಕೇರಿ: ನೋಡೋ ಕಣ್ಣು ಬದಲಾಯ್ತು. ಆ ಓತಿಗೆ ಕೋಟ್ಯಂತರ ವರ್ಷದ ಕಾಲ ಕೊಟ್ಟಿದ್ದು ಸಾಲದಾ? ನಿಮ್ಮ ಅಳತೆಕೋಲಿಗೆ ತೇಜಸ್ವಿಯವರನ್ನ ಕತ್ತರಿಸಬೇಡಿ.

ವಿರಾಜಪೇಟೆ: ನನಗೂ ಆ ಕಾದಂಬರಿ ಇಷ್ಟ. ಇಷ್ಟವಾದದ್ದಕ್ಕೆಲ್ಲ ಅದೇ ಹೆಸರು ಅಂಟಿಸಿದರೆ, ಕನ್ನಡದಲ್ಲಿ ವಿಜ್ಞಾನ ಕಥೆಗೇ ಬದುಕು ಕೊಟ್ಟ ರಾಜಶೇಖರ ಭೂಸನೂರಮಠರಂಥವರನ್ನ ಯಾರೂ ಕೇಳಲ್ಲ.

ಪೊನ್ನಂಪೇಟೆ: ಆ ಜಗಳ ಬೇರೆ ಕಡೆ ಇಟ್ಕೊಳ್ಳಿ. ನಾಪೋಕ್ಲು, ‘ಜೇನೆಲ್ಲ’ ಅನ್ನೋದನ್ನ ಮೊದಲು ತೆಗೀರಿ. ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ಜೇನಿನ ವೈರಸ್ ಬಡಿಯೋದು ಪೆಟ್ಟಿಗೆಯಲ್ಲಿ ಸಾಕೋ ತುಡುವೆ ಜೇನಿಗೆ, ಮರಿಹುಳು ಚೀಲದಂತಾಗಿ ಸಾಯುತ್ತೆ, ಪೆಟ್ಟಿಗೆ ತೆರೆದವನಿಗೆ ಗೊತ್ತಾಗುತ್ತೆ. ಹೆಜ್ಜೇನು ಹೇಗೂ ವಲಸೆ ಹೋಗುತ್ತೆ, ಹಾಗಾಗಿ ತಿಂಗಳುಗಟ್ಟಲೆ ಕಾಣದಿದ್ದರೂ ಯಾರಿಗೂ ಅನುಮಾನ ಬರಲ್ಲ. ಹೂ ಅರಳಿಸೋ ಹೂ ಮಳೆ ಬಿದ್ದು, ಇಲ್ಲಾ ಅದರ ಬದಲು ಸ್ಪ್ರಿಂಕ್ಲರ್ ನೀರು ಹಾಯಿಸಿ ಎಂಟು ಹತ್ತು ದಿನಕ್ಕೆ ರೊಬಸ್ಟಾ ಅರಳಿದಾಗಲೂ ಬರದಿದ್ದರೆ ಆಗ ಗೊತ್ತಾಗೋದು, ಅಷ್ಟರಲ್ಲಿ ಸ್ಪ್ರಿಂಕ್ಲರ್ ಡೀಸೆಲ್ ದುಡ್ಡು ಹೋಗಿರುತ್ತೆ. ಹೆಜ್ಜೇನನ್ನೇ ಇಟ್ಕೊಳ್ಳಿ.